ಹುಲಿಕೆರೆಯಲ್ಲಿ ಒಲೆ ಎಣಿಸಿದ ಮಳೆಗಾಲ

ಕಳೆದ ವಾರ ಬೇಲೂರಿನ ಬಸ್ ನಿಲ್ದಾಣದಲ್ಲಿ ಒಬ್ಬ ಪ್ಲಾಸ್ಟಿಕ್ ಮಳೆಕೋಟುಗಳನ್ನು ಕೊಡವಿ ಕೊಡವಿ ಮಾರುತ್ತಿದ್ದ. ಹೊಸ ಪ್ಲಾಸ್ಟಿಕ್ಕಿಗೆ ಮಳೆನೀರು ಬಿದ್ದಾಗ ಒಂದು ವಾಸನೆ ಬರುತ್ತದೆ, ಸ್ವಲ್ಪ ಸೀಮೆಎಣ್ಣೆಯದು, ಸ್ವಲ್ಪ ಹೊಸ ಚಪ್ಪಲಿಯದು. ಒಂದು ವಾಸನೆಯ ಹಿಂದೆ ಹಳೆಯ ಕಾಲವೆಲ್ಲ ಇಡಿಯಾಗಿ ಎದ್ದು ಬಂತು ಎಂದು ಬರೆಯುವವರನ್ನು ನಾನು ನಂಬುವುದಿಲ್ಲ. ನನಗೆ ಬಂದದ್ದು ಒಂದು ಗೋಡೆ ಮಾತ್ರ. ದನದ ಕೊಟ್ಟಿಗೆಗೆ ಅಂಟಿಕೊಂಡ ಇಳಿಮಾಡಿನ ಮಣ್ಣಿನ ಗೋಡೆ, ಮಂಡಿಯೆತ್ತರದಿಂದ ಮೇಲಕ್ಕೆ ಮಸಿ ಹಿಡಿದದ್ದು. ಉಳಿದದ್ದನ್ನು ಆಮೇಲೆ ಬಸ್ಸಿನಲ್ಲಿ ಕೂತು ಒಂದೊಂದಾಗಿ ಸೇರಿಸಿಕೊಂಡೆ. ಸೇರಿಸುವಾಗ ಎಷ್ಟು ತಿದ್ದಿದೆನೋ ಹೇಳಲಾರೆ.

ಆ ಗೋಡೆ ನೋಡಿದ ವರ್ಷ ದಸರಾ ರಜೆಯಲ್ಲಿ ಶಿಕ್ಷಕರನ್ನೆಲ್ಲ ಮನೆಮನೆ ಸಮೀಕ್ಷೆಗೆ ಹಾಕಿದ್ದರು. ಯಾರ ಮನೆಯಲ್ಲಿ ಎಷ್ಟು ಜನ, ಏನು ಓದು, ಏನು ಕೆಲಸ, ಎಷ್ಟು ಜಮೀನು ಎಂದು ಕೇಳಿ ಮೊಬೈಲಿನಲ್ಲಿ ತುಂಬಬೇಕು. ಯಾರು ಹಿಂದೆ ಉಳಿದಿದ್ದಾರೆ ಎಂದು ಗೊತ್ತಾದರೆ ತಾನೇ ಅವರಿಗೆ ತಲುಪಿಸುವುದು, ಎಂದು ತರಬೇತಿಯಲ್ಲಿ ಹೇಳಿದರು. ಮಾತು ಸರಿಯಾಗಿಯೇ ಇತ್ತು. ನನ್ನ ಊರು ಅರಸೀಕೆರೆ, ಆಗ ಕೆಲಸ ಹಳೇಬೀಡಿನ ಹತ್ತಿರದ ಶಾಲೆಯಲ್ಲಿ. ಪಾಲಿಗೆ ಬಂದದ್ದು ಹುಲಿಕೆರೆಯ ಒಂದು ಬದಿ.

ನನ್ನ ನೆನಪಿನಲ್ಲಿ ಆ ಮೂರು ವಾರವೂ ಮಳೆ ಹಿಡಿದುಕೊಂಡಿತ್ತು. ಆದರೆ ಮೊಬೈಲಿನಲ್ಲಿ ಉಳಿದಿರುವ ಫೋಟೊಗಳಲ್ಲಿ ನೆಲ ಒಣಗಿದೆ, ನನ್ನ ನೆರಳು ಉದ್ದಕ್ಕೆ ಬಿದ್ದಿದೆ. ಎರಡೂ ನಿಜ ಇರಬಹುದು. ಮಳೆ ಬರುವಾಗ ಯಾರೂ ಫೋಟೊ ತೆಗೆಯುವುದಿಲ್ಲ. ರಾಗಿ ತೆನೆ ಬಿಚ್ಚುತ್ತಿತ್ತು, ಇದು ಖಚಿತ. ಊರಿನ ಹಳೆಯ ಕಲ್ಯಾಣಿ ನೆಲದ ಕೆಳಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಪ್ರವಾಸಕ್ಕೆ ಬಂದವರು ಅದರೊಳಗೆ ಇಳಿಯುತ್ತಿದ್ದರು, ನಾವು ಸಿಗ್ನಲ್ ಹುಡುಕಿಕೊಂಡು ನೀರಿನ ಟ್ಯಾಂಕಿನ ಏಣಿ ಹತ್ತುತ್ತಿದ್ದೆವು. ಅರ್ಧ ಏಣಿಯಲ್ಲಿ ನಿಂತು ಒಬ್ಬರ ಮನೆಯ ಆಡು ಕುರಿಗಳನ್ನು ಸರ್ವರಿಗೆ ಏರಿಸುವುದು ಆ ದಿನಗಳ ಕೆಲಸ.

ಎಲ್ಲಕ್ಕಿಂತ ಮೊದಲು ಒಲೆ ಎಣಿಸಬೇಕಿತ್ತು. ಸೂರು ಒಂದೇ ಇರಲಿ, ಬಾಗಿಲು ಒಂದೇ ಇರಲಿ, ಒಂದು ಒಲೆಯಲ್ಲಿ ಬೆಂದದ್ದನ್ನು ಉಣ್ಣುವವರು ಒಂದು ಕುಟುಂಬ. ಎರಡು ಒಲೆ ಇದ್ದರೆ ಎರಡು ಕುಟುಂಬ, ಬೇರೆ ಬೇರೆ ಅರ್ಜಿ. ರೇಷನ್ ಕಾರ್ಡಿನಿಂದ ಹಿಡಿದು ಮಕ್ಕಳ ಹಾಸ್ಟೆಲಿನವರೆಗೆ ಮುಂದಿನದ್ದೆಲ್ಲ ಆ ಕುಟುಂಬದ ಆದಾಯದ ಮೇಲೆ ನಿಲ್ಲುತ್ತದೆ. ಅರಸೀಕೆರೆಯ ನಮ್ಮ ಮನೆಯಲ್ಲಿ ನಾನು, ಅಣ್ಣ, ಅತ್ತಿಗೆ, ಅಮ್ಮ ಒಂದೇ ಕುಕ್ಕರಿನ ಅನ್ನ ಉಣ್ಣುತ್ತೇವೆ. ನಮಗೆ ಕಾರ್ಡು ಎರಡು. ಕೇಳಲು ಬಂದವರಿಗೆ ಏನು ಹೇಳಬೇಕೆಂದು ನಮಗೆ ಗೊತ್ತಿತ್ತು, ಹೇಳಿದೆವು, ಅಷ್ಟೆ. ಇದನ್ನು ಈಗ ಬರೆಯುತ್ತಿದ್ದೇನೆ; ಹುಲಿಕೆರೆಯಲ್ಲಿ ಇದು ಒಮ್ಮೆಯೂ ನನ್ನ ತಲೆಗೆ ಬರಲಿಲ್ಲ.

ನಂಜಮ್ಮನ ಮನೆಗೆ ಹೋದದ್ದು ಎರಡನೆಯ ವಾರದಲ್ಲಿ. ತೆಂಗಿನ ತೋಟ, ರಾಗಿ ಹೊಲ, ಅಂಗಳದಲ್ಲಿ ಕೆಂಪು ಟ್ರಾಕ್ಟರ್ ಇರುವ ಮನೆ. ನಂಜಮ್ಮ ಜಗಲಿಯಲ್ಲಿ ಮೊರ ಹಿಡಿದು ಹುರುಳಿ ಕೇರುತ್ತಿದ್ದರು. ಅವರ ಹಿರಿಮಗ ಶಿವಣ್ಣ ಟ್ರಾಕ್ಟರಿನ ಚಕ್ರಕ್ಕೆ ಒರಗಿ ನಿಂತಿದ್ದ.

“ನಿಮ್ಮನೇಲಿ ಎಷ್ಟು ಒಲೆ ಅಮ್ಮ?” ಎಂದೆ.

“ಒಂದೇ ಕಣವ್ವ. ಈ ಮನೇಲಿ ಯಾವತ್ತೂ ಒಂದೇ.”

“ಸರಿಯಾಗಿ ಹೇಳವ್ವ,” ಎಂದ ಶಿವಣ್ಣ. “ಒಳಗೆ ಗ್ಯಾಸು, ಬಚ್ಚಲಲ್ಲಿ ಹಂಡೆ ಒಲೆ, ದನಕ್ಕೆ ಹುರುಳಿ ಬೇಯ್ಸೋದು ಇನ್ನೊಂದು. ಎಮ್ಮೆಗೂ ಒಂದು ಕಾರ್ಡ್ ಮಾಡ್ಸಿಕೊಡಿ ಮೇಡಂ, ನಮಗಿಂತ ಅದೇ ಜಾಸ್ತಿ ತಿಂತದೆ.”

“ಸುಮ್ಕಿರ್ಲಾ. ಅವರ್ಗೆ ಕೆಲ್ಸ ಐತೆ,” ಎಂದರು ನಂಜಮ್ಮ.

ಕರೆಂಟಿನ ಮೀಟರ್ ನಂಬರ್ ಬರೆದುಕೊಳ್ಳಬೇಕಿತ್ತು. ಅದು ಹಿಂದಿನ ಗೋಡೆಯಲ್ಲಿತ್ತು. ಹಿತ್ತಲಿಗೆ ಹೋದಾಗ ಕೊಟ್ಟಿಗೆಯ ಪಕ್ಕದ ಇಳಿಮಾಡು ಕಂಡಿತು. ಒಳಗೆ ಒಂದು ಚಾಪೆ ಸುತ್ತಿಟ್ಟಿತ್ತು, ಗೂಟಕ್ಕೆ ಹೊಸ ಪ್ಲಾಸ್ಟಿಕ್ ಮಳೆಕೋಟು, ಗೂಡಿನಲ್ಲಿ ಶಾಲೆಯ ಪುಸ್ತಕಗಳು, ನೆಲದಲ್ಲಿ ಮೂರು ಕಲ್ಲು, ಕಲ್ಲಿನ ನಡುವೆ ಬೂದಿ, ಪಕ್ಕದಲ್ಲಿ ಮುದ್ದೆ ತಿರುವುವ ಕೋಲು. ಮಸಿ ಹಿಡಿದ ಆ ಗೋಡೆ. ಮೂವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಪಾತ್ರೆ ತೊಳೆಯುತ್ತಿದ್ದಳು. ತೀರಿಕೊಂಡ ಕಿರಿಮಗನ ಹೆಂಡತಿ ಜಯಮ್ಮ ಎಂದು ಆಮೇಲೆ ಗೊತ್ತಾಯಿತು.

“ಇದು?” ಎಂದು ಕಲ್ಲು ತೋರಿಸಿದೆ.

ಅವಳು ಉತ್ತರಿಸುವ ಮೊದಲೇ ನಂಜಮ್ಮ ಮೊರದ ಸಮೇತ ನನ್ನ ಬೆನ್ನ ಹಿಂದೆ ಬಂದು ನಿಂತಿದ್ದರು. “ಅದು ಒಲೆ ಅಲ್ಲ ಕಣವ್ವ.”

“ಅಡುಗೆ ಮಾಡ್ತಾರಲ್ಲ ಅಮ್ಮ?”

“ಮಾಡ್ಲಿ. ನಮ್ಮ ಮಾವನ ತಮ್ಮ ಬೇರೆ ಆದಾಗ ನಮ್ಮತ್ತೆ ಒಡಕು ಮಡಿಕೇಲಿ ಕೆಂಡ ತುಂಬಿ ಕೈಯಾರೆ ಕೊಟ್ಟಿದ್ರು. ಅದ್ರಲ್ಲಿ ಹಚ್ಚಿದ್ದು ಒಲೆ. ಇವ್ಳಿಗೆ ಯಾರು ಕೊಟ್ಟವ್ರೆ? ಬೆಂಕಿಪೊಟ್ಣ ಗೀರಿ ಹಚ್ಕೊಂಡವ್ಳೆ. ತೋಟ ಇರೋ ಮನೆ ಸೊಸೆ ಅರೇಹಳ್ಳಿ ಕಾಫಿ ತೋಟಕ್ಕೆ ಕೂಲಿಗೆ ಹೋಗ್ತಾವ್ಳೆ. ಕೂಲಿ ಅಕ್ಕಿ ನನ್ನ ಒಲೆ ಮೇಲೆ ಇಡ್ಬೇಡ ಅಂದೆ. ಅದಕ್ಕೇ ಈ ಮುನಿಸು.”

ನಾನು ಜಯಮ್ಮನ ಕಡೆ ತಿರುಗಿದೆ. ಸಮೀಕ್ಷೆಯ ನಿಯಮದ ಪ್ರಕಾರ ಉತ್ತರ ಮನೆಯವರದೇ ಆಗಿರಬೇಕು. ಅವಳು ಪಾತ್ರೆ ಮಗುಚಿಟ್ಟು, ಸೆರಗಿಗೆ ಕೈ ಒರಸಿಕೊಂಡು, “ಕಲ್ಲು ಮೇಡಮ್ಮೋರೆ. ಒಲೆ ಅಲ್ಲ,” ಎಂದಳು.

ಆಗ ನಾನು ಒಂದು ಕ್ಷಣ ತಡೆದು ನಿಂತೆ ಎಂದು ಈ ಕಥೆಯನ್ನು ನಾಲ್ಕಾರು ಜನರಿಗೆ ಹೇಳಿದ್ದೇನೆ. ತಡೆದಿರಲಾರೆ. ಹಳೇಬೀಡಿಗೆ ಹೋಗುವ ಬಸ್ಸಿನ ಹೊತ್ತಾಗಿತ್ತು, ಚಪ್ಪಲಿಯ ಪಟ್ಟಿ ಕಿತ್ತಿತ್ತು. ಆ ದಿನದ ನನ್ನ ಪುಟ್ಟ ಡೈರಿಯಲ್ಲಿರುವುದು ಮೂರೇ ಮಾತು: ‘ನಂಜಮ್ಮ, ಒಲೆ ಒಂದು, ಮಳೆ.’ ಜಯಮ್ಮನ ಹೆಸರೇ ಇಲ್ಲ. ಅವಳನ್ನೂ ಅವಳ ಮಗಳು ಚೈತ್ರಳನ್ನೂ ಆ ಕುಟುಂಬದ ಕೊನೆಯ ಇಬ್ಬರಾಗಿ ಸೇರಿಸಿ, ಶಿವಣ್ಣನ ಮೊಬೈಲಿಗೆ ಬಂದ ಓಟಿಪಿ ಒತ್ತಿ, ಬಾಗಿಲಿಗೆ ಚೀಟಿ ಅಂಟಿಸಿ ಹೊರಟೆ.

ನಾಲ್ಕು ದಿನ ಬಿಟ್ಟು ಜಯಮ್ಮ ನನ್ನನ್ನು ಹುಡುಕಿಕೊಂಡು ಬಂದಳು. ನಾನು ಟ್ಯಾಂಕಿನ ಏಣಿಯ ಮೇಲಿದ್ದೆ. ಸಂಜೆ, ಕೂಲಿಯವರನ್ನು ತಂದು ಬಿಡುವ ಪಿಕಪ್ ಆಗ ತಾನೇ ಹೋಗಿತ್ತು. ಅವಳ ಕಾಲಿಗೆ ತೋಟದ ಕೆಂಪು ಮಣ್ಣು ಮೆತ್ತಿತ್ತು. ರಕ್ತ ಹೀರುವ ಇಂಬಳ ಕಚ್ಚದಿರಲಿ ಎಂದು ಹಚ್ಚಿಕೊಂಡ ಹೊಗೆಸೊಪ್ಪಿನ ಘಾಟು ಏಣಿಯವರೆಗೂ ಬರುತ್ತಿತ್ತು.

“ಇಳೀರಿ ಮೇಡಮ್ಮೋರೆ, ಕತ್ತೆತ್ತಿ ಮಾತಾಡಕ್ಕಾಗಲ್ಲ,” ಎಂದಳು. ಇಳಿದೆ. “ಒಂದು ಅಂತ ಬರ್ಕೊಂಡ್ರಂತೆ.”

“ನೀವೇ ಅಂದ್ರಲ್ಲ, ಕಲ್ಲು ಅಂತ.”

“ಅತ್ತೆ ಮೊರ ಹಿಡ್ಕೊಂಡು ನಿಂತಿದ್ರು. ಇನ್ನೇನನ್ಲಿ?”

ಅವಳ ವಿಷಯ ಸರಳವಾಗಿತ್ತು. ಚೈತ್ರ ಹತ್ತನೆಯ ತರಗತಿಯಲ್ಲಿದ್ದಳು. ಮುಂದೆ ಹಾಸನದಲ್ಲಿ ಓದಬೇಕಾದರೆ ಹಾಸ್ಟೆಲ್ ಬೇಕು, ಹಾಸ್ಟೆಲ್ ಸಿಗಬೇಕಾದರೆ ಆದಾಯದ ಪತ್ರ ಬೇಕು. ನಂಜಮ್ಮನ ಕುಟುಂಬದ ಸೊಸೆಯಾಗಿ ಕೇಳಿದರೆ ಆ ಪತ್ರದಲ್ಲಿ ತೋಟ, ಹೊಲ, ಟ್ರಾಕ್ಟರ್ ಎಲ್ಲವೂ ಬರುತ್ತವೆ. ಬೇರೆ ಕಾರ್ಡು ಇದ್ದರೆ ಅವಳ ಕೂಲಿ ಮಾತ್ರ. ಒಂದು ದಿನದ ಕೂಲಿ ಬಿಟ್ಟು ಉಚಿತ ಬಸ್ಸಿನಲ್ಲಿ ಬೇಲೂರಿಗೆ ಹೋಗಿ, ಮರದ ಕೆಳಗೆ ಅರ್ಜಿ ಬರೆದುಕೊಡುವವನನ್ನು ಕೇಳಿಕೊಂಡು ಬಂದಿದ್ದಳು. ಸಮೀಕ್ಷೆಯಲ್ಲಿ ಬೇರೆ ಎಂದು ಇದ್ದರೆ ಕಾರ್ಡಿಗೆ ದಾರಿ ಸಲೀಸು ಎಂದು ಅವನು ಹೇಳಿದ್ದ.

“ಟ್ರಾಕ್ಟ್ರು ನಂದಾ ಮೇಡಮ್ಮೋರೆ? ಅದ್ರ ಮೇಲೆ ಒಂದಿನ ಕೂತಿಲ್ಲ ನಾನು. ಕಾಗದದಲ್ಲಿ ಮಾತ್ರ ಸವಾರಿ.”

“ತಿದ್ದೋಕೆ ಇನ್ನೂ ಟೈಮಿದೆ,” ಎಂದೆ. “ನಾನೇ ಎರಡು ಅಂತ ಮಾಡ್ತೀನಿ. ನಿಮ್ಮ ಮೊಬೈಲ್ ನಂಬರ್ ಕೊಡಿ, ಇಲ್ಲೇ ಮುಗಿಸೋಣ.”

ಒಪ್ಪಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಮೊಬೈಲನ್ನು ಸೊಂಟಕ್ಕೆ ಇನ್ನೂ ಒಳಗೆ ತುರುಕಿಕೊಂಡಳು.

“ಹಂಗ್ ಬೇಡ. ಕೆಂಡ ಕೊಟ್ಟ ಮೇಲೆ ಬರ್ಕೊಳಿ.”

“ಜಯಮ್ಮ, ಸರ್ಕಾರಕ್ಕೆ ಕೆಂಡ ಬೇಕಿಲ್ಲ. ನೀವು ಬೇಯಿಸ್ಕೊಂಡು ತಿಂತಿದೀರಿ, ಅಷ್ಟು ಸಾಕು.”

“ಸರ್ಕಾರ ಆ ಮನೇಲಿ ಇರಲ್ಲ. ಇರೋಳು ನಾನು. ಕದ್ದು ಬರ್ಸಿದ್ಳು ಅಂತ ನಾಳೆ ಊರೆಲ್ಲ ಅಂತಾರೆ. ಹಬ್ಬಕ್ಕೆ ಕರೆಯಲ್ಲ, ಮಗ್ಳು ಮದ್ವೇಲಿ ಮುಂದೆ ನಿಲ್ಲೋರು ಇರಲ್ಲ. ಕೊಟ್ಟು ಕಳಿಸಿದ್ರೆ ಮನೆ ಸೊಸೆ. ನಾನೇ ಎದ್ದೋದ್ರೆ ಬಿಟ್ಟೋದೋಳು.”

ನನಗೆ ಸಿಟ್ಟು ಬಂತು. ಕೈಗೆ ಸಿಕ್ಕಿದ್ದನ್ನು ಬೇಡ ಎನ್ನುವವರ ಮೇಲೆ ಸಂಬಳದವರಿಗೆ ಬರುವ ಸಿಟ್ಟು. “ಅವರು ಕೊಡದೇ ಹೋದ್ರೆ?” ಎಂದೆ.

“ಕೇಳ್ತೀನಿ. ಬೇರೆ ಬೇಯಿಸ್ಕೊಂಡು ನಾಕು ವರ್ಷ ಆಯ್ತು, ಒಂದ್ಸಲನೂ ಕೇಳಿಲ್ಲ,” ಎಂದಳು. “ನಿಮ್ಮದು ಮುಗಿಯೋದು ಯಾವತ್ತು?”

“ಭಾನುವಾರ ಕೊನೆ.”

“ಬೆಳಿಗ್ಗೆ ಬನ್ನಿ ಹಂಗಾದ್ರೆ. ಅವತ್ತು ಕೆಲ್ಸಕ್ಕೆ ಹೋಗಲ್ಲ.”

ಕೇಳದೆ ಇದ್ದದ್ದಕ್ಕೆ ಕಾರಣವನ್ನು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಊಹಿಸಬಲ್ಲೆ. ಕೇಳಿ ಇಲ್ಲವೆನ್ನಿಸಿಕೊಂಡರೆ ಆ ಮೂರು ಕಲ್ಲೂ ಉಳಿಯುತ್ತಿರಲಿಲ್ಲ. ಅಲ್ಲಿಯವರೆಗೆ ಅದು ಮುನಿಸು, ಎರಡೂ ಕಡೆಯವರು ನೋಡಿಯೂ ನೋಡದಂತೆ ಬಿಟ್ಟದ್ದು. ಕೇಳಿದ ಮೇಲೆ ಅದಕ್ಕೊಂದು ಉತ್ತರ ಬರಲೇಬೇಕು.

ಭಾನುವಾರ ಬೆಳಿಗ್ಗೆ ಮಳೆ ಇರಲಿಲ್ಲ. ಇದ್ದಿದ್ದರೆ ಶಿವಣ್ಣ ಅಂಗಳದಲ್ಲಿ ಟ್ರಾಕ್ಟರ್ ತೊಳೆಯುತ್ತಿರಲಿಲ್ಲ. ಜಯಮ್ಮ ಜಗಲಿಯ ಕೆಳಗೆ ನಿಂತಿದ್ದಳು, ಕೈಯಲ್ಲಿ ಹಳೆಯ ಕಬ್ಬಿಣದ ಬಾಣಲೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ ತಿಳಿಯದು. ನಂಜಮ್ಮ ಅವಳನ್ನು ನೋಡದೆ ಬತ್ತಿ ಹೊಸೆಯುತ್ತಿದ್ದರು.

“ಬನ್ನಿ ಮೇಡಂ,” ಎಂದ ಶಿವಣ್ಣ. “ನಮ್ಮನೇಲಿ ಇವತ್ತು ಹೊಸ ನಾಟ್ಕ. ಅವ್ವ, ಒಳಗೆ ಇರೋದು ಗ್ಯಾಸು. ಕೆಂಡ ಎಲ್ಲಿಂದ ತರ್ತೀಯ? ಸಿಲಿಂಡ್ರೇ ಎತ್ಕೊಡ್ಬೇಕಾಗ್ತದೆ.” ತನ್ನ ಮಾತಿಗೆ ತಾನೇ ನಕ್ಕ. ಆಮೇಲೆ ನಗು ನಿಲ್ಲಿಸಿ, “ಕೆಂಡ ಅಂತಾವ್ಳೆ, ಕೇಳ್ತಿರೋದು ಪಾಲು,” ಎಂದ.

“ತೋಟ ಕೇಳಿಲ್ಲ ಭಾವ,” ಎಂದಳು ಜಯಮ್ಮ. “ಕೆಂಡ ಕೇಳ್ದೆ.”

“ಇವತ್ತು ಕೆಂಡ. ನಾಳಿಕ್ಕೆ?”

ಜಯಮ್ಮ ಬಾಣಲೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು. ನಂಜಮ್ಮ ಬತ್ತಿಯನ್ನು ಬದಿಗಿಟ್ಟು ನನ್ನ ಮುಖ ನೋಡಿದರು.

“ನೀನೇ ಹೇಳವ್ವ. ಎರಡು ಒಲೆ ಅಂತ ಬರುದ್ರೆ ತೋಟ ಪಾಲಾಗ್ತದಾ?”

“ಇಲ್ಲಮ್ಮ. ಈ ಸಮೀಕ್ಷೆಗೂ ಜಮೀನಿನ ಪಹಣಿಗೂ ಯಾವ ಸಂಬಂಧವೂ ಇಲ್ಲ,” ಎಂದೆ.

“ಇವನ ಹೆಸರಿಗೆ ಇರೋದು ಇವನ ಹೆಸರಿಗೇ ಇರ್ತದೆ?”

“ಇರುತ್ತೆ.”

ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ತೀರಿಕೊಂಡವನ ಪಾಲಿನಲ್ಲಿ ಹೆಂಡತಿಗೂ ಮಗಳಿಗೂ ಹಕ್ಕಿದೆ, ಆ ಹಕ್ಕಿಗೆ ಒಲೆ ಒಂದಿದ್ದರೂ ಎರಡಿದ್ದರೂ ಒಂದೇ ಎಂಬುದು ನನಗೆ ಗೊತ್ತಿತ್ತು. ಅದನ್ನು ಹೇಳಲಿಲ್ಲ. ಹೇಳಿದ್ದರೆ ಅವತ್ತು ಕೆಂಡ ಸಿಗುತ್ತಿರಲಿಲ್ಲ. ಬಡತನ ಕಡಿಮೆ ಮಾಡುವ ಕಾರ್ಡು ಆ ಹೆಂಗಸಿಗೆ ಸಿಗಬೇಕಾದರೆ, ಇದರಿಂದ ತೋಟಕ್ಕೆ ಏನೂ ಆಗುವುದಿಲ್ಲ ಎಂದು ತೋಟದವರಿಗೆ ಧೈರ್ಯ ಕೊಡಬೇಕಾಗಿತ್ತು. ಆ ಕೆಲಸವನ್ನು ನಾನು ಮಾಡಿದೆ. ಜಾಣತನ ಎಂದು ಆಗ ಅನ್ನಿಸಿತ್ತು. ಈಗ ಏನೆಂದು ಕರೆಯಬೇಕೋ ತಿಳಿಯುತ್ತಿಲ್ಲ. ಜಯಮ್ಮ ಮೂರು ಮಾರು ದೂರದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ನಂಜಮ್ಮ ಎದ್ದರು. ಮಂಡಿ ಹಿಡಿದುಕೊಂಡು ಒಮ್ಮೆ ನಿಂತು, ಅಡುಗೆಮನೆಗೆ ಹೋಗದೆ ಬಚ್ಚಲಿಗೆ ಹೋದರು. ಹಂಡೆಯ ಒಲೆಯಿಂದ ಇಕ್ಕಳದಲ್ಲಿ ಉರಿಯುವ ತೆಂಗಿನ ಚಿಪ್ಪುಗಳನ್ನು ಎಳೆದು ತಂದು ಬಾಣಲೆಗೆ ಹಾಕಿದರು. ಒಂದು, ಎರಡು. ಮೂರನೆಯದು ಅಂಗಳಕ್ಕೆ ಬಿದ್ದು ಒದ್ದೆ ನೆಲದಲ್ಲಿ ಸುಂಯ್ ಎಂದಿತು. ಶಿವಣ್ಣ ಪೈಪಿನ ನೀರು ನಿಲ್ಲಿಸಿದ.

“ಬಚ್ಚಲ ಕೆಂಡ ನಡೀತದಾ ಅವ್ವ?” ಎಂದು ಕೇಳಿದ. ಈ ಸಲ ತಮಾಷೆ ಇರಲಿಲ್ಲ.

“ಸೌದೆ ಬೆಂಕಿ ಇವತ್ತು ಅಲ್ಲೊಂದೇ ಉರೀತಿರೋದು. ಕಂಪ್ನಿ ಗ್ಯಾಸಲ್ಲಿ ಏನ್ಲಾ ಐತೆ, ನಮ್ಮತ್ತೆ ಬೆಂಕಿನಾ?” ಎಂದರು ನಂಜಮ್ಮ. ಸೊಸೆಯ ಕಡೆ ತಿರುಗಿ, “ಏನ್ ನೋಡ್ತೀಯ, ಕೈ ಸುಟ್ಟೀತು. ನಡಿ,” ಎಂದರು. ಅವಳು ಹಿತ್ತಲಿಗೆ ತಿರುಗಿದ ಮೇಲೆ ಒಂದು ಲೋಟ ಹಾಲು ತಂದು ನನ್ನ ಕೈಗೆ ಕೊಟ್ಟರು. “ಉಕ್ಸಕ್ಕೆ ಹೇಳು.” ಅವರೇ ಕೊಟ್ಟುಬರಬಹುದಿತ್ತು. ಹಿತ್ತಲಿಗೆ ಅವರು ಬರಲಿಲ್ಲ.

ಮುಂದೆ ಕಾರ್ಡು ಬಂತು. ಚೈತ್ರಳಿಗೆ ಹಾಸನದ ಹಾಸ್ಟೆಲಿನಲ್ಲಿ ಜಾಗವೂ ಸಿಕ್ಕಿತು. ಇವು ನೆನಪನ್ನು ನಂಬಿ ಹೇಳುವ ಮಾತಲ್ಲ. ಕಾರ್ಡನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ, ಒಬ್ಬಳೇ ಹೆಂಗಸಿನ ಫೋಟೊ, ಅದೂ ಕಣ್ಣು ಅರ್ಧ ಮುಚ್ಚಿದ್ದು. ಅದಾದ ಮೇಲೆ ನನಗೆ ವರ್ಗವಾಯಿತು. ಹುಲಿಕೆರೆಗೆ ಮತ್ತೆ ಹೋಗಿಲ್ಲ, ಉಳಿದದ್ದು ಏನಾಯಿತೋ ಗೊತ್ತಿಲ್ಲ. ಗೊತ್ತಿದ್ದರೆ ಇದನ್ನು ಬೇರೆ ರೀತಿ ಬರೆಯುತ್ತಿದ್ದೆನೋ ಏನೋ.

ಆ ಭಾನುವಾರ ನಾನು ಹಾಲು ಹಿಡಿದು ಹೋದಾಗ ಇಳಿಮಾಡಿನಲ್ಲಿ ಜಯಮ್ಮ ಕಲ್ಲುಗಳ ನಡುವೆ ಚಿಪ್ಪುಗಳನ್ನು ಜೋಡಿಸಿ ಊದುತ್ತಿದ್ದಳು. ನಾನು ಬಾಗಿಲಲ್ಲಿ ಒರಗಿ ಹೊಸ ಅರ್ಜಿ ತೆರೆದೆ. ಸಿಗ್ನಲ್ ಒಂದು ಕಡ್ಡಿ ಇತ್ತು. ಕುಟುಂಬದ ಮುಖ್ಯಸ್ಥರು? “ನಾನೇ ಅಲ್ವಾ?” ಎಂದು ನನ್ನನ್ನೇ ಕೇಳಿದಳು. ಕೆಲಸ? “ಕಾಫಿ ತೋಟದ ಕೂಲಿ. ಹಂಗೇ ಹಾಕಿ, ಮನೆಗೆಲ್ಸ ಅಂತ ಹಾಕ್ಬೇಡಿ.” ಟ್ರಾಕ್ಟರ್? “ಇಲ್ಲ” ಎನ್ನುವಾಗ ಅವಳಿಗೆ ನಗು ಬಂತು, ಹೊಗೆ ಬಾಯಿಗೆ ಹೋಗಿ ಕೆಮ್ಮಿದಳು. ಹಾಲಿನ ಪಾತ್ರೆ ಕಲ್ಲಿನ ಮೇಲೆ ಕೂತಿತು.

“ಜಮೀನು?” ಎಂದೆ.

ಅವಳು ಊದುವುದನ್ನು ನಿಲ್ಲಿಸಿದಳು. ಒಮ್ಮೆ ಹೊರಗಡೆ ನೋಡಿದಳು. “ಪಹಣಿಗೂ ಇದ್ಕೂ ಸಂಬಂಧ ಇಲ್ಲ ಅಂದ್ರಲ್ಲ,” ಎಂದಳು, ದನಿ ತಗ್ಗಿಸಿ. “ಹಂಗಾದ್ರೆ ಸಂಬಂಧ ಇರೋದು ಯಾವ ಕಾಗದಕ್ಕೆ?”

ನಾನೂ ದನಿ ತಗ್ಗಿಸಿದೆ. ಗಂಡನ ಮರಣ ಪತ್ರ ಬೇಕು, ವಂಶವೃಕ್ಷ ಬೇಕು, ಎರಡನ್ನೂ ಇಟ್ಟು, ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು ಎಂದು ಹೇಳಿದೆ. ಸಹಿಗೆ ಶಿವಣ್ಣನೂ ಬೇಕಾಗಬಹುದು, ಸುಲಭವಲ್ಲ ಎಂದೂ ಹೇಳಿದೆ. “ಬರ್ಕೊಡಿ,” ಎಂದಳು. ಡೈರಿಯ ಹಾಳೆ ಹರಿದು ಆ ಮೂರು ಹೆಸರುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ಅವಳು ಓದಲಿಲ್ಲ, ನಾಲ್ಕು ಮಡಿಕೆ ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡಳು.

“ಉಕ್ತೇನೇ?” ಎಂದು ಅಂಗಳದಿಂದ ನಂಜಮ್ಮ ಕೂಗಿದರು.

“ಉಕ್ತು ಅತ್ತೆ,” ಎಂದು ಜಯಮ್ಮ ಗಟ್ಟಿಯಾಗಿ ಹೇಳಿದಳು. ಪಾತ್ರೆಯನ್ನು ಸೆರಗಲ್ಲಿ ಹಿಡಿದು ಇಳಿಸಿ, ನನ್ನ ಮೊಬೈಲಿನ ಕಡೆ ಗದ್ದ ತೋರಿಸಿದಳು.

“ಜಮೀನು, ಸದ್ಯಕ್ಕೆ ಇಲ್ಲ ಅಂತ ಹಾಕಿ.”